ದಾಂಪತ್ಯದ ದಿನಚರಿಯಲ್ಲಿ ನಡಿಗೆಯ ಸ್ಥಾನ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಜೀವನವನ್ನು ಕುರಿತು ಬಂದಿರುವ ಬರಹಗಳು ಕಡಮೆಯೇನಲ್ಲ. ನಮ್ಮ ಸಂಘಗಳು, ರಾತ್ರಿಶಾಲೆಗಳು, ನಾಟಕ ಯಕ್ಷಗಾನಗಳು, ಹೋಟೆಲಿನ ಉದ್ಯಮ, ಇವೆಲ್ಲವೂ ಯೋಗ್ಯ ಲೇಖಕರ ಗಮನವನ್ನು ಸೆಳೆದಿವೆ. ಆದರೆ ಸಭೆ ಮುಗಿಸಿ ಮನೆಗೆ ಹಿಂದಿರುಗಿದ ಕನ್ನಡಿಗನು ತನ್ನ ಮಡದಿಯೊಡನೆ ದಿನವನ್ನು ಹೇಗೆ ಕಳೆಯುತ್ತಾನೆ, ಏನನ್ನು ಉಣ್ಣುತ್ತಾನೆ, ರಜೆಯ ದಿನ ಇಬ್ಬರೂ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಕುರಿತು ಬರೆಯಲು ನಮ್ಮವರು ಹಿಂಜರಿಯುತ್ತಾರೆ. ವಿಷಯವು ಸಂಶೋಧನೆಗೆ ತಕ್ಕಷ್ಟು ಗಂಭೀರವಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಮೂರು ವರ್ಷಗಳ ಹಿಂದಿನ ತನಕ ಈ ಲೇಖಕನ ಭಾವನೆಯೂ ಅದೇ ಆಗಿತ್ತು.

‘ದಂಪತಿ’ ಎಂಬ ಶಬ್ದವನ್ನೇ ಮೊದಲು ನೋಡಬಹುದು. ವೇದದ ಭಾಷೆಯಲ್ಲಿ ‘ದಮ್’ ಎಂದರೆ ಮನೆ. ಲ್ಯಾಟಿನ್ ಭಾಷೆಯಲ್ಲಿ ಮನೆಗಿರುವ ‘ದೋಮುಸ್’ ಎಂಬ ಮಾತೂ ಇದೇ ಮೂಲದ್ದು. ದಂಪತಿಗಳೆಂದರೆ ಮನೆಯ ಒಡೆಯರಿಬ್ಬರು. ಒಡೆತನ ಇಬ್ಬರಿಗೂ ಸಮನಾದುದು. ಇನ್ನು ವಿವಾಹದ ಸಪ್ತಪದಿಯನ್ನು ನೋಡಿದರೆ, ಅಗ್ನಿಯ ಬಳಿ ಜೊತೆಯಾಗಿ ಇಡುವ ಏಳನೆಯ ಹೆಜ್ಜೆಯು ಸಖ್ಯಕ್ಕಾಗಿ. ಏಳು ಹೆಜ್ಜೆ ಕೂಡಿ ನಡೆದವರಲ್ಲಿ ಸ್ನೇಹವು ಹುಟ್ಟುತ್ತದೆಂಬ ನಂಬಿಕೆಯು ಎಷ್ಟು ಹಳೆಯದೆಂದರೆ, ಸ್ನೇಹವೆಂಬ ಅರ್ಥದಲ್ಲಿ ‘ಸಾಪ್ತಪದೀನ’ ಎಂಬ ಶಬ್ದವನ್ನು ಸಾಧಿಸುವುದಕ್ಕೆ ಪಾಣಿನಿಯೇ ಒಂದು ಸೂತ್ರವನ್ನು ರಚಿಸಬೇಕಾಯಿತು. ನಮ್ಮ ಪೂರ್ವಿಕರು ಸಖ್ಯವನ್ನು ನಡಿಗೆಯಿಂದ ಅಳೆದರೆಂಬುದು ಗಮನಿಸತಕ್ಕ ಅಂಶ. ಮದುವೆಯಾದ ಮೇಲೆ ಎಂಟನೆಯ ಹೆಜ್ಜೆಯನ್ನು ನಾವು ಜೊತೆಯಾಗಿ ಇಟ್ಟೆವೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಅನೇಕರು ಕೇಳಿಕೊಂಡಿಲ್ಲ.

ಬ್ಯಾಂಕಿನ ಉದ್ಯೋಗದಲ್ಲಿರುವವನಿಗೆ ವರ್ಗಾವಣೆಯು ಬಿಟ್ಟಿದ್ದಲ್ಲ. ಇಪ್ಪತ್ತು ವರ್ಷಗಳ ದಾಂಪತ್ಯದಲ್ಲಿ ಸುಮಾರು ಏಳು ವರ್ಷ ನಾನೊಂದೂರು, ನನ್ನವಳೊಂದೂರು. ಮುಂಬಯಿಯ ಮಾಟುಂಗಾದಲ್ಲಿ ಮತ್ತೆ ಒಂದೇ ಸೂರಿನಡಿ ಸೇರುವ ವೇಳೆಗೆ ಮಗನು ವಿದ್ಯಾಭ್ಯಾಸಕ್ಕಾಗಿ ಹೊರಟುಹೋಗಿದ್ದನು. ಮನೆಯಲ್ಲಿ ಉಳಿದವರು ಇಬ್ಬರೇ; ಆ ಇಬ್ಬರ ನಡುವೆ ಹಾಲಿನವನ ಲೆಕ್ಕ, ಸೊಸೈಟಿಯ ಬಾಕಿ, ಮಗನ ಶುಲ್ಕ ಇವನ್ನುಳಿದು ಬೇರೆ ಮಾತಿಲ್ಲ. ಜಗಳವೂ ಇರಲಿಲ್ಲವೆಂಬುದನ್ನು ಸಮಾಧಾನವೆಂದು ನಾನು ತಿಳಿದಿದ್ದೆ. ಅಂಥ ಸಮಯದಲ್ಲಿ ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣೆಯ ವರದಿ ಬಂದಿತು. ‘ಎಚ್‌ಬಿಎ1ಸಿ’ ಎಂಬ ಪರೀಕ್ಷೆಯಲ್ಲಿ ನನ್ನ ಅಂಕ 6.3. ಕೆಂಪು ರಕ್ತಕಣದ ಆಯುಷ್ಯವು ಸುಮಾರು 120 ದಿನವಾದುದರಿಂದ ಈ ಪರೀಕ್ಷೆಯು ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಒಂದು ದಿನದ ಶಿಲ್ಕನ್ನಲ್ಲ. 5.7ರ ಕೆಳಗಿದ್ದರೆ ಕ್ಷೇಮ, 6.5 ಮುಟ್ಟಿದರೆ ಮಧುಮೇಹ. ನಾನು ಗಡಿಯಲ್ಲಿದ್ದೆ. ನನ್ನ ತೀರ್ಥರೂಪರು ಇದೇ ರೋಗದಿಂದ ಬಲಗಾಲಿನ ಬೆರಳುಗಳನ್ನು ಕಳೆದುಕೊಂಡು ಕಡೆಯ ನಾಲ್ಕು ವರ್ಷ ಜಗಲಿಯಿಂದ ಇಳಿಯದೆ ಉಳಿದವರು. ಆ ವರದಿಯನ್ನು ಮೂರು ವಾರ ಮೇಜಿನ ಡ್ರಾವರಿನಲ್ಲಿ ಬಚ್ಚಿಟ್ಟೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಹೆಂಡತಿಗೆ ಅದು ಗೊತ್ತಾದದ್ದು ಸಹೋದ್ಯೋಗಿಯೊಬ್ಬರ ಬಾಯಿಯಿಂದ. ಅವಳು ಕೋಪಿಸಲಿಲ್ಲ, ಎರಡು ದಿನ ಮಾತನಾಡಲಿಲ್ಲ, ಅಷ್ಟೆ. ಮೂರನೆಯ ದಿನ ಬೆಳಗಿನ ಆರಕ್ಕೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಇದು ನನ್ನೊಬ್ಬನ ಪಾಡಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು, ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷವೆಂದು ಅಂದಾಜು ಮಾಡಿತು. ಹೊಟ್ಟೆಯ ಒಳಭಾಗದಲ್ಲಿ ಕೊಬ್ಬು ಶೇಖರವಾಗುವ ಪ್ರವೃತ್ತಿಯು ದಕ್ಷಿಣ ಏಷ್ಯದವರಲ್ಲಿ ಹೆಚ್ಚು. ಆದುದರಿಂದ ನೋಟಕ್ಕೆ ತೆಳ್ಳಗಿರುವವನೂ ನಿಶ್ಚಿಂತನಾಗಿರುವಂತಿಲ್ಲ. ಇದಕ್ಕೆ ನಡಿಗೆಯು ಹೇಗೆ ಮದ್ದಾಗುತ್ತದೆಂಬುದನ್ನು ತಿಳಿದುಕೊಳ್ಳುವುದು ಅವಶ್ಯ. ಸಾಮಾನ್ಯವಾಗಿ ರಕ್ತದ ಸಕ್ಕರೆಯು ಸ್ನಾಯುವನ್ನು ಸೇರಬೇಕಾದರೆ ಇನ್ಸುಲಿನ್ ಎಂಬ ದ್ವಾರಪಾಲಕನ ಅಪ್ಪಣೆ ಬೇಕು. ಸಕ್ಕರೆಯ ಕಾಯಿಲೆಯಲ್ಲಿ ಕೆಡುವುದು ಈ ಅಪ್ಪಣೆಯ ವ್ಯವಸ್ಥೆಯೇ. ಆದರೆ ದುಡಿಯುತ್ತಿರುವ ಸ್ನಾಯುವು ಆ ಅಪ್ಪಣೆಗಾಗಿ ಕಾಯದೆ ತಾನೇ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಆದಕಾರಣ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಸಾವಕಾಶವಾಗಿ ಅಡ್ಡಾಡಿದರೂ ಏರುವ ಸಕ್ಕರೆಯು ತಗ್ಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮವು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಲೇಬೇಕೆಂಬ ಹಳೆಯ ಕಟ್ಟಳೆಯನ್ನು 2020ರಲ್ಲಿ ಅದು ಕೈಬಿಟ್ಟಿತು. ಚಿಲ್ಲರೆಯೂ ಜಮೆಯಾಗುತ್ತದೆಂದು ಇದರ ತಾತ್ಪರ್ಯ.

ಆಹಾರದ ವಿಷಯವನ್ನು ಬೆಳೆಸುವುದಿಲ್ಲ. ನಾನು ಕರಾವಳಿಯವನು, ಕುಚ್ಚಲಕ್ಕಿಯ ಅನ್ನದ ಮೇಲೆ ಬೆಳೆದವನು. ಮಡದಿ ಧಾರವಾಡದವಳು, ಜೋಳದ ರೊಟ್ಟಿಯಿಲ್ಲದೆ ಅವಳಿಗೆ ಊಟವೇ ಅಲ್ಲ. ಇಪ್ಪತ್ತು ವರ್ಷ ನಡೆದ ಈ ವ್ಯಾಜ್ಯವು ಮಧ್ಯಾಹ್ನ ರೊಟ್ಟಿ, ರಾತ್ರಿ ಎರಡು ಸೌಟು ಅನ್ನ ಎಂಬಲ್ಲಿಗೆ ರಾಜಿಯಾಗಿದೆ. ಧಾನ್ಯ ಯಾವುದೆಂಬುದಕ್ಕಿಂತ ಪ್ರಮಾಣವೆಷ್ಟು, ಜೊತೆಗೆ ಕಾಳು ಪಲ್ಯಗಳೆಷ್ಟು ಎಂಬುದೇ ಮುಖ್ಯ. ರಾಗಿಯ ಮುದ್ದೆಯಾದರೆ ಎಷ್ಟನ್ನಾದರೂ ನುಂಗಬಹುದೆಂದು ನಂಬಿರುವ ಮೈಸೂರಿನ ಕಡೆಯ ಮಿತ್ರರು ಮನ್ನಿಸಬೇಕು. ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಎಂಬ ನಿಯಮವನ್ನು ಮಾತ್ರ ನಮ್ಮ ಉಪ್ಪಿನಕಾಯಿ ಹಪ್ಪಳಗಳೊಡನೆ ಹೊಂದಿಸುವುದು ನಮಗಿನ್ನೂ ಸಾಧ್ಯವಾಗಿಲ್ಲ.

ನಾವು ನಡೆಯತೊಡಗಿದ್ದು ಮಾಟುಂಗಾದ ಫೈವ್ ಗಾರ್ಡನ್ಸಿನಲ್ಲಿ. 1896ರ ಪ್ಲೇಗಿನ ಬಳಿಕ 1898ರಲ್ಲಿ ಸ್ಥಾಪಿತವಾದ ಮುಂಬಯಿ ಸುಧಾರಣಾ ಟ್ರಸ್ಟು, ಗಾಳಿ ಬೆಳಕುಗಳಿಲ್ಲದ ಕೇರಿಗಳೇ ರೋಗದ ಬೀಡೆಂದು ಬಗೆದು, ದಾದರ ಮಾಟುಂಗಾಗಳಲ್ಲಿ ಅಗಲವಾದ ಬೀದಿಗಳನ್ನೂ ಉದ್ಯಾನಗಳನ್ನೂ ರೂಪಿಸಿತು. ಆರೋಗ್ಯಕ್ಕಾಗಿಯೇ ಹುಟ್ಟಿದ ಬಡಾವಣೆಯಲ್ಲಿ ಇಷ್ಟು ವರ್ಷ ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಮನೆಗೆ ಓಡುತ್ತಿದ್ದೆನಲ್ಲದೆ ಒಂದು ಮರವನ್ನೂ ಕತ್ತೆತ್ತಿ ನೋಡಿರಲಿಲ್ಲ. ಮೊದಲ ವಾರದಲ್ಲಿಯೇ ಒಂದು ತೊಡಕು ಕಾಣಿಸಿಕೊಂಡಿತು. ಲೋಕಲ್ ಗಾಡಿಯನ್ನು ಹಿಡಿಯುವ ಅಭ್ಯಾಸದಿಂದ ನಾನು ಇಪ್ಪತ್ತು ಮಾರು ಮುಂದೆ, ಅವಳು ಹಿಂದೆ. ಎಂಟನೆಯ ದಿನ ಅವಳು ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟಳು. “ನೀವು ಮುಂದ ಮುಂದ ಹೋಗೂದಾದ್ರ ನಾ ಯಾಕ ಬರಬೇಕ್ರೀ?” ಎಂದಳು. ಆ ಪ್ರಶ್ನೆಯು ಬರಿಯ ಉದ್ಯಾನದ ನಡಿಗೆಯನ್ನು ಕುರಿತದ್ದಲ್ಲವೆಂಬುದು ನನಗೆ ತಿಳಿಯಿತು. ಉತ್ತರ ಮಾತ್ರ ಹೊಳೆಯಲಿಲ್ಲ.

ಉತ್ತರವು ಆ ವರ್ಷದ ಮಳೆಗಾಲದಲ್ಲಿ ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ, ನೆನೆದ ಬೀದಿನಾಯಿಯ ಮರಿಯ ರೂಪದಲ್ಲಿ ದೊರೆಯಿತು. ಮನೆಯೊಳಗೆ ನಾಯಿಯೆಂದರೆ ನಮ್ಮ ಪೈಕಿ ಹಿರಿಯರು ಮೂಗು ಮುರಿಯುವುದು ಸಹಜ. ಹಳ್ಳಿಯ ಮನೆಯಲ್ಲಿ ಆಕಳಿಗೆ ಕೊಟ್ಟಿಗೆ, ನಾಯಿಗೆ ಅಂಗಳ, ಹೊಸ್ತಿಲು ದಾಟುವಂತಿಲ್ಲ. ಪಟ್ಟಣದ ಮೂರನೆಯ ಮಾಳಿಗೆಯಲ್ಲಿ ಅಂಗಳವೆಲ್ಲಿಯದು? ಆದರೂ ನಮ್ಮ ಪರಂಪರೆಯು ನಾಯಿಯನ್ನು ಹೀನವೆಂದೇ ಎಣಿಸಿತೆಂದು ಹೇಳುವುದು ಸರಿಯಲ್ಲ. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವುದುಂಟು. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳಿವೆ. ಎಲ್ಲಕ್ಕಿಂತ ಮಿಗಿಲಾದ ಸಾಕ್ಷ್ಯವು ಮದ್ದೂರು ತಾಲ್ಲೂಕಿನ ಆತಕೂರಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಮೇಲೆ, ಶೌರ್ಯ ತೋರಿದ ಮಣಲೆರನೆಂಬ ವೀರನಿಗೆ ಬೇಕಾದುದನ್ನು ಬೇಡೆಂದು ಅಪ್ಪಣೆಯಾಯಿತು. ಅವನು ಹೊನ್ನನ್ನು ಬೇಡಲಿಲ್ಲ. ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ಕ್ರಿ. ಶ. 949–50ರಲ್ಲಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪವು ತಟ್ಟಲೆಂಬ ಶಾಪವೂ ಅಲ್ಲಿದೆ. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವುಳ್ಳ ಆ ಕಲ್ಲು ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಈ ಕಥೆಯನ್ನು ಹೇಳಿ ಮರಿಗೆ ಕಾಳಿಯೆಂದೇ ಹೆಸರಿಡೋಣವೆಂದೆ. ಅಮ್ಮನವರ ಹೆಸರು ನಾಯಿಗೆ ಬೇಡವೆಂದು ನನ್ನವಳು ಅದನ್ನು ‘ಕಾಳು’ ಮಾಡಿದಳು.

ಸಾಕುವವರಿಗೆ ಪ್ರಯೋಜನವಾದೀತೆಂದು ಕೆಲವು ಸಂಗತಿಗಳನ್ನು ಹೇಳಬೇಕು. ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಯಿದ್ದಾಗಲೇ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮುಂದುವರಿಸತಕ್ಕದ್ದು. ಏಕೆಂದರೆ ಲಕ್ಷಣಗಳು ಕಾಣಿಸಿಕೊಂಡ ಬಳಿಕ ಆ ರೋಗಕ್ಕೆ ಮದ್ದಿಲ್ಲವೆಂದೇ ಹೇಳಬೇಕು. ಮುಂಬಯಿಯಲ್ಲಿ ಮಹಾನಗರಪಾಲಿಕೆಯ ಪರವಾನಗಿಯೂ ಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷ. ಈರುಳ್ಳಿಯು ಅದರ ಕೆಂಪು ರಕ್ತಕಣಗಳನ್ನೇ ನಾಶಪಡಿಸುತ್ತದೆ. ನಾವು ಉಂಡುಳಿದ ಹುಳಿಯನ್ನೂ ಸಾಂಬಾರನ್ನೂ ಪ್ರೀತಿಯಿಂದ ಸುರಿಯುವವರು ಇದನ್ನು ಮರೆಯಬಾರದು. ಬೇಸಗೆಯ ಹಗಲಿನಲ್ಲಿ ಡಾಂಬರಿನ ಮೇಲೆ ನಡೆಸಿದರೆ ಪಾದ ಸುಡುತ್ತದೆ. ನಮ್ಮ ಅಂಗೈಯನ್ನು ರಸ್ತೆಗೆ ಒತ್ತಿ ನೋಡಿ ಹೊರಡುವುದು ಲೇಸು.

ಕಾಳು ಬಂದ ಮೇಲೆ ನಡಿಗೆಯು ನಮ್ಮ ಇಚ್ಛೆಗೆ ಬಿಟ್ಟದ್ದಾಗಿ ಉಳಿಯಲಿಲ್ಲ. ಜಡಿಮಳೆಯಿರಲಿ, ಮಾರ್ಚಿ ತಿಂಗಳ ಲೆಕ್ಕ ಮುಗಿಸಿ ಮಧ್ಯರಾತ್ರಿಗೆ ಮನೆಗೆ ಬಂದಿರಲಿ, ಬೆಳಗಿನ ಆರಕ್ಕೆ ಅವನು ಬಾಗಿಲನ್ನು ಕೆರೆಯುತ್ತಾನೆ. ಪಟ್ಟಿಯನ್ನು ನಾನು ಹಿಡಿದುಕೊಂಡೆ. ಪ್ರತಿಯೊಂದು ಕಂಬವನ್ನೂ ಮೂಸಿ ನೋಡುವ ಪ್ರಾಣಿಯೊಡನೆ ಯಾರೂ ಮುಂದೋಡಲಾರರು. ಹೀಗಾಗಿ ಹೆಂಡತಿಯು ನನ್ನ ಪಕ್ಕಕ್ಕೆ ಬಂದಳು. ಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾಗಿಲ್ಲವಾದುದರಿಂದ ಕೆಲವು ಮಾತುಗಳು ಸುಲಭವಾಗಿ ಹೊರಬರುತ್ತವೆ. ನಾನು ಪರಊರಿನಲ್ಲಿದ್ದಾಗ ಮಗನಿಗೆ ಟೈಫಾಯ್ಡು ಬಂದು ಹನ್ನೊಂದು ದಿನ ಅವಳೊಬ್ಬಳೇ ಆಸ್ಪತ್ರೆಯಲ್ಲಿ ಕುಳಿತಿದ್ದುದನ್ನು, ಅದರಲ್ಲಿ ಆರು ದಿನ ನನಗೆ ತಿಳಿಸದೆ ಇದ್ದುದನ್ನು, ಅವಳು ಹೇಳಿದ್ದು ಆ ಉದ್ಯಾನದ ಮೂರನೆಯ ಸುತ್ತಿನಲ್ಲಿ. ವರದಿಯನ್ನು ನಾನು ಬಚ್ಚಿಟ್ಟದ್ದರ ಲೆಕ್ಕವೂ ಅಂದೇ ಚುಕ್ತಾ ಆಯಿತು.

ಕಿರುಪ್ರವಾಸಗಳು ಇದರ ಮುಂದುವರಿಕೆಯಾಗಿ ಬಂದವು. ವಾರದ ನಡಿಗೆಗೆ ರವಿವಾರ ಸ್ವಲ್ಪ ದೂರವನ್ನು ಕೂಡಿಸಿದೆವು, ಅಷ್ಟೆ. ಮೊದಲು ಬೋರಿವಲಿಯ ಕಾಡಿನೊಳಗಿರುವ ಕಾನ್ಹೇರಿ. ನೂರಕ್ಕೂ ಮಿಕ್ಕ ಗುಹೆಗಳ ಆ ಬೌದ್ಧ ವಿಹಾರದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದ ಸಂಸ್ಕೃತ ಶಾಸನಗಳಿವೆ; ಆಗ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ದ್ರಮ್ಮವೆಂಬ ನಾಣ್ಯಗಳ ಮೊತ್ತವನ್ನು ‘ಅಕ್ಷಯನೀವಿ’ಯಾಗಿ ಇರಿಸಿ, ಮೂಲಧನವನ್ನು ಮುಟ್ಟದೆ ಅದರ ಆದಾಯದಿಂದ ಭಿಕ್ಷುಗಳ ವಸ್ತ್ರ ಮೊದಲಾದವುಗಳ ವೆಚ್ಚವನ್ನು ನಡೆಸುವ ಏರ್ಪಾಟನ್ನು ನಾನು ಉತ್ಸಾಹದಿಂದ ವಿವರಿಸುತ್ತಿರಲು, “ಇಲ್ಲಿಗೂ ಬ್ಯಾಂಕು ಬಂತೇನ್ರೀ?” ಎಂದು ಅವಳು ನೀರಿನ ಸೀಸೆಯನ್ನು ಕೈಗಿತ್ತಳು.

ಕಳೆದ ಮಾಘಮಾಸದಲ್ಲಿ ಕಾರ್ಲೆಗೆ ಹೋದೆವು. ಲೋಣಾವಳದ ಮುಂದಿನ ನಿಲ್ದಾಣವಾದ ಮಳವಲಿಯಲ್ಲಿಳಿದು ಬೆಟ್ಟದ ಬುಡದ ತನಕ ನಡೆದು, ಮುನ್ನೂರೈವತ್ತರಷ್ಟು ಮೆಟ್ಟಿಲುಗಳನ್ನು ಏರಬೇಕು. ಏಕವೀರಾದೇವಿಯ ದರ್ಶನಕ್ಕೆ ಬಂದ ಕೋಳಿ ಜನರ ಗುಂಪನ್ನು ದಾಟಿದರೆ, ಎದುರಿಗೇ ಆ ಭವ್ಯವಾದ ಚೈತ್ಯ. ಸುಮಾರು ಎರಡು ಸಾವಿರ ವರ್ಷ ಹಳೆಯ ಮರದ ಕಮಾನುಗಳು ಇಂದಿಗೂ ಮೇಲ್ಚಾವಣಿಯಲ್ಲಿವೆ. ಮೊಗಸಾಲೆಯ ಎಡಗೋಡೆಯ ಒಂದು ಬರಹವು, ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಶಿಲಾಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನು ಪೂರ್ಣಗೊಳಿಸಿದನೆಂದು ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂಬುದು ವಿದ್ವಾಂಸರ ಮತ. ಊರು ಬಿಟ್ಟು ಬಂದು ಇಲ್ಲಿ ಹಣ ತೊಡಗಿಸಿದವರಲ್ಲಿ ನಾವು ಮೊದಲಿಗರಲ್ಲವೆಂದು ನಾನು ಹೇಳಿದೆ. ಅವಳ ಕಣ್ಣು ಬೇರೆಡೆಗಿತ್ತು. ಒಳಬಾಗಿಲುಗಳ ಇಕ್ಕೆಲಗಳಲ್ಲಿ ಆಳೆತ್ತರದ ದಂಪತಿಗಳ ಶಿಲ್ಪಗಳಿವೆ. ಗಂಡು ಹೆಣ್ಣು ಸಮಾನವಾದ ಎತ್ತರದಲ್ಲಿ, ಒಬ್ಬರ ಹಿಂದೊಬ್ಬರಲ್ಲದೆ ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಅವಳು ಒಂದೊಂದು ಜೋಡಿಯ ಮುಂದೆಯೂ ನಿಂತು ನೋಡಿದಳು. ನಾನು ಶಾಸನದ ಅಕ್ಷರಗಳನ್ನು ಬಿಟ್ಟು ಅವಳ ಬಳಿಗೆ ಹೋದೆ.

ಕಾಳುವನ್ನು ನೆರೆಮನೆಯ ಮರಾಠಿ ಆಜಿಯವರ ವಶಕ್ಕೆ ಬಿಟ್ಟು ಬಂದಿದ್ದೆವು. ಮೆಟ್ಟಿಲಿಳಿಯುವಾಗ ಮಡದಿಯು ಅವರಿಗೆ ದೂರವಾಣಿ ಮಾಡಿದಳು. ಬೆಳಗಿನಿಂದ ಅನ್ನ ಮುಟ್ಟದೆ ಬಾಗಿಲ ಬಳಿಯೇ ಮಲಗಿದ್ದಾನೆಂದು ಉತ್ತರ ಬಂದಿತು. ಭಾಜೆಯ ಗುಹೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು, ಮೂರು ಗಂಟೆಯ ಗಾಡಿಗೇ ಹಿಂದಿರುಗಿದೆವು.