ಹಸಿರು ತಂತಿಯ ಮೇಲೆ ಕತ್ತರಿ ಬೇಡ

ಅಮೆರಿಕದ ದೋಣಿ ನಿಲ್ದಾಣಗಳಲ್ಲಿ ಧಕ್ಕೆಯ ಉದ್ದಕ್ಕೂ ಗಿಡ್ಡ ಕಂಬಗಳು ನಿಂತಿರುತ್ತವೆ. ಅಲ್ಲಿಂದ ಹೊರಟ ದಪ್ಪ ಹಳದಿ ಕೇಬಲ್ಲು ಕಟ್ಟಿಹಾಕಿದ ಹಾಯಿದೋಣಿಗೆ ದಡದ ಕರೆಂಟು ಒಯ್ಯುತ್ತದೆ: 120 ವೋಲ್ಟ್, 30 ಆಂಪಿಯರ್.

1970ರ ದಶಕದ ಸಣ್ಣ ಫೈಬರ್ ದೋಣಿ ಕೊಂಡವರು ಇದನ್ನು ನೋಡಿ ಇಡೀ ದೋಣಿಗೆ ಮನೆಯಂತೆ ವೈರಿಂಗ್ ಮಾಡಿಸಲು ಹೊರಡುತ್ತಾರೆ. ಬೇಕಿಲ್ಲ. ದೀಪ, ಪಂಪು, ರೇಡಿಯೊ ಎಲ್ಲ ನಡೆಯುವುದು 12 ವೋಲ್ಟ್ ಬ್ಯಾಟರಿಯಿಂದ. ಬ್ಯಾಟರಿ ತುಂಬಿಸಲು 10 ಆಂಪಿಯರಿನ ಚಾರ್ಜರ್ ಸಾಕು; ಅದು ದಡದಿಂದ ಎಳೆಯುವುದು ಎರಡು ಆಂಪಿಯರಿಗೂ ಕಡಿಮೆ. ಒಳ್ಳೆಯ ಕೇಬಲ್, ಸುಮಾರು 5 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಬ್ರೇಕರ್, ಚಾರ್ಜರ್: ಇಷ್ಟೇ ಏರ್ಪಾಡು. ಚಳಿಗಾಲದಲ್ಲಿ ಹೀಟರ್ ಹಚ್ಚಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಉಪ್ಪುಗಾಳಿಗೆ ಕಿಲುಬು ಹಿಡಿದ ಪ್ಲಗ್ಗಿನಲ್ಲಿ 0.1 ಓಮ್ ಪ್ರತಿರೋಧವಿದ್ದು 30 ಆಂಪಿಯರ್ ಹರಿದರೆ ಆ ಒಂದೇ ಬಿಂದುವಿನಲ್ಲಿ 90 ವ್ಯಾಟ್ ಶಾಖ. ಪ್ಲಾಸ್ಟಿಕ್ ಕರಗಲು ಅದು ಧಾರಾಳ.

ನಿಜವಾದ ಕಥೆ ಇರುವುದು ಕೇಬಲ್ಲಿನೊಳಗಿನ ಹಸಿರು ತಂತಿಯಲ್ಲಿ, ಅಂದರೆ ಅರ್ಥಿಂಗ್‌ನಲ್ಲಿ. ದೋಣಿಯ ಕಂಚಿನ ಪ್ರೊಪೆಲ್ಲರ್ ಸವೆಯದಂತೆ ಅದರ ಶಾಫ್ಟಿಗೆ ಸತುವಿನ ಗಟ್ಟಿ ಕಟ್ಟಿರುತ್ತಾರೆ. ತುಕ್ಕಿನ ಪಾಲನ್ನೆಲ್ಲ ಅದೇ ಉಣ್ಣುತ್ತದೆ. ಶಾಫ್ಟಿಗೂ ಹಸಿರು ತಂತಿಗೂ ಸಂಪರ್ಕವಿದ್ದರೆ ಅಕ್ಕಪಕ್ಕದ ದೋಣಿಗಳ ಲೋಹವೆಲ್ಲ ಒಂದಾಗುತ್ತದೆ. ನಡುವೆ ಸಮುದ್ರದ ನೀರು. ನಿಂಬೆಹಣ್ಣಿಗೆ ಎರಡು ಲೋಹ ಚುಚ್ಚಿದ ಹಾಗೆ ಬ್ಯಾಟರಿ ತಯಾರು! ನಿಮ್ಮ ಸತು ನೆರೆಯವರ ಕಂಚನ್ನು ಕಾಯುತ್ತ ತಿಂಗಳುಗಳಲ್ಲಿ ಕರಗುತ್ತದೆ.

ಆಗ ಕೆಲವರು ಹಸಿರು ತಂತಿಯನ್ನೇ ಕತ್ತರಿಸುತ್ತಾರೆ. ಇದು ಜೀವಕ್ಕೇ ಎರವಾದೀತು. ಚಾರ್ಜರ್ ಕೆಟ್ಟರೆ ಸೋರುವ ಕರೆಂಟಿಗೆ ದಡಕ್ಕೆ ಮರಳುವ ದಾರಿ ನೀರೊಂದೇ. ಸಿಹಿನೀರಿನ ಸರೋವರದಲ್ಲಿ ಇನ್ನೂ ಅಪಾಯ: ಆ ನೀರಿಗಿಂತ ಮನುಷ್ಯದೇಹದಲ್ಲಿ ಉಪ್ಪು ಹೆಚ್ಚಾದ್ದರಿಂದ ಕರೆಂಟು ಈಜುವವರ ಮೈಯನ್ನೇ ಹಿಡಿಯುತ್ತದೆ. ಸ್ನಾಯುಗಳು ಸೆಟೆದು ಅವರು ಮುಳುಗುತ್ತಾರೆ, ಮೈಮೇಲೆ ಗುರುತೂ ಉಳಿಯದಂತೆ.

ಸತು ಉಳಿಸಲು ಗ್ಯಾಲ್ವನಿಕ್ ಐಸೊಲೇಟರ್ ಇದೆ. ಹಸಿರು ತಂತಿಯ ನಡುವೆ ಎರಡೆರಡು ಡಯೋಡುಗಳ ಎರಡು ಸಾಲು, ಒಂದಕ್ಕೊಂದು ಎದುರುಬದುರಾಗಿ. ಸುಮಾರು 1.2 ವೋಲ್ಟ್ ದಾಟುವವರೆಗೆ ಅವು ಬಾಗಿಲು ತೆರೆಯವು. ಸತು-ಕಂಚಿನ ಒತ್ತಡ ಅಷ್ಟಿರುವುದಿಲ್ಲ. 120 ವೋಲ್ಟ್ ಸೋರಿ ಬಂದರೋ, ತಡೆಯಿಲ್ಲದೆ ದಡಕ್ಕೆ ಬಿಡುತ್ತವೆ.

ಕೇಬಲ್ ಹಾಕುವಾಗ ಮೊದಲು ದೋಣಿಯ ತುದಿ, ಆಮೇಲೆ ದಡದ್ದು. ತೆಗೆಯುವಾಗ ಮೊದಲು ದಡದ್ದು. ಜೀವಂತ ತುದಿ ಕೈಜಾರಿ ನೀರಿಗೆ ಬೀಳಬಾರದಲ್ಲ.