ಹಾಫ್ ಮ್ಯಾರಥಾನ್ ಓಡ್ತೀರಾ? ಮೊದಲು ನಿಧಾನ ಓಡೋದು ಕಲೀರಿ: ಅಂಗಡಿ, ಕೆಲಸದ ನಡುವೆ ತಯಾರಿ ಹೇಗೆ?

ಬೆಳಗಿನ ಜಾವ ಐದಕ್ಕೆ ಕಾಲೇಜು ಮೈದಾನಕ್ಕೋ, ಕೆರೆ ಏರಿಗೋ, ಬೈಪಾಸ್ ರಸ್ತೆಗೋ ಹೋದರೆ ಓಡುವವರು ಕಾಣಸಿಗೋದು ಈಗ ತಾಲ್ಲೂಕು ಕೇಂದ್ರಗಳಲ್ಲೂ ಮಾಮೂಲು. ಪೊಲೀಸ್, ಸೇನೆ ನೇಮಕಾತಿಗೆ ತಯಾರಾಗುವ ಹುಡುಗರ ಜತೆಗೆ ಕಿರಾಣಿ ಅಂಗಡಿಯವರು, ಮೇಷ್ಟ್ರುಗಳು, ಬ್ಯಾಂಕ್ ನೌಕರರೂ ಇದ್ದಾರೆ. 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ, ಶ್ರೀರಂಗಪಟ್ಟಣದ ಬಳಿ ನಡೆಯುವ ಕಾವೇರಿ ಟ್ರಯಲ್ ಮ್ಯಾರಥಾನ್ ಅಂತ ಹೆಸರು ನೋಂದಾಯಿಸಿ ರಾತ್ರಿ ಬಸ್ ಹತ್ತುವವರೂ ಇದ್ದಾರೆ.

ಇವರಲ್ಲಿ ಬಹಳ ಮಂದಿಗೆ ಕೋಚ್ ಇಲ್ಲ. ಮೊಬೈಲ್ ಆ್ಯಪೇ ಗುರು. ನಿನ್ನೆ ಐದು ಕಿ.ಮೀ. 30 ನಿಮಿಷದಲ್ಲಿ ಮುಗಿದಿದ್ದರೆ ಇವತ್ತು 29 ಆಗಲೇಬೇಕು, ನಾಳೆ 28. ಹೀಗೆ ದಿನಾ ರೇಸ್ ಓಡಿದವರು ಎರಡು-ಮೂರು ತಿಂಗಳಿಗೆ ಮೊಣಕಾಲು ಹಿಡಿದುಕೊಂಡು ಕೂರ್ತಾರೆ. ಆಮೇಲೆ "ಓಟ ನಮ್ಮ ಮೈಗೆ ಆಗಿಬರಲ್ಲ" ಅಂತ ಶೂ ಅಟ್ಟಕ್ಕೆ ಎಸೀತಾರೆ. ಓಟದ ತಪ್ಪಲ್ಲ ಅದು, ವೇಗದ ತಪ್ಪು.

ಉಸಿರು ಬೇಗ ಪಳಗುತ್ತೆ, ಮೂಳೆ ತಡ

ಹೊಸದಾಗಿ ಓಡೋಕೆ ಶುರು ಮಾಡಿದವರಿಗೆ ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳೋಕೆ ಕಲಿಯುತ್ತೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆದರೆ ಮೂಳೆ, ಸ್ನಾಯುರಜ್ಜುಗಳು ಅದೇ ವೇಗದಲ್ಲಿ ಗಟ್ಟಿಯಾಗಲ್ಲ, ಅವಕ್ಕೆ ತಿಂಗಳುಗಳೇ ಬೇಕು. ಎಂಜಿನ್ ದೊಡ್ಡದಾಗಿದೆ, ಚಾಸಿ ಹಳೇದೇ ಇದೆ. ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಚ್ಚುವ ನೋವು ಬಂದರೆ ಅದನ್ನು ಸುಣ್ಣ-ಅರಿಶಿನ ಹಚ್ಚಿ ಮರೆಯಬಾರದು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಶುರುವಾಗಿರಬಹುದು. ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಎಷ್ಟು ನಿಧಾನ? ಪಕ್ಕದವರ ಜತೆ ಅಡಿಕೆ ರೇಟು, ಮಳೆ ವಿಚಾರ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುವಂತಾದರೆ ವೇಗ ಜಾಸ್ತಿಯಾಯ್ತು ಅಂತ ಅರ್ಥ. ವಾರದ ಓಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹೀಗೇ ಇರಲಿ. ಇದರಿಂದ ನಾಚಿಕೆಯಾಗೋರು ಸ್ವಲ್ಪ ದಿನ ಆ್ಯಪ್ ಆಫ್ ಮಾಡಿ ಓಡೋದು ಒಳ್ಳೇದು. ಸ್ಟ್ರಾವಾದಲ್ಲಿ ಲೈಕ್ ಕೊಟ್ಟವರು ಫಿಸಿಯೋಥೆರಪಿ ಬಿಲ್ ಕಟ್ಟಲ್ಲ.

ಈ ದಾರಿಯನ್ನು ಜಗತ್ತಿಗೆ ತೋರಿಸಿದವರಲ್ಲಿ ಮುಖ್ಯ ಹೆಸರು ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯಾರ್ಡ್ ಅವರದ್ದು. ಅವರೇನೂ ವಿಶ್ವವಿದ್ಯಾಲಯದ ವಿಜ್ಞಾನಿಯಲ್ಲ. ಶೂ ಕಾರ್ಖಾನೆಯಲ್ಲಿ ದುಡಿದವರು, ಮನೆಮನೆಗೆ ಹಾಲು ಹಾಕಿದವರು. ಕೆಲಸದ ನಡುವೆ ತಮ್ಮ ಮೇಲೇ ಪ್ರಯೋಗ ಮಾಡಿ, ಮೊದಲು ತಿಂಗಳುಗಟ್ಟಲೆ ದೂರ ಓಡಿ ಬುನಾದಿ ಹಾಕಬೇಕು, ವೇಗ ಆಮೇಲೆ ಅನ್ನೋ ಪದ್ಧತಿ ಕಟ್ಟಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್, ಮರ್ರೆ ಹಾಲ್ಬರ್ಗ್ 5,000 ಮೀಟರ್ ಚಿನ್ನವನ್ನು ಒಂದೇ ದಿನ ಗೆದ್ದರು. ಎರಡೇ ನಿಮಿಷದೊಳಗೆ ಮುಗಿಯುವ 800 ಮೀಟರ್‌ನ ಓಟಗಾರ ಕೂಡ ಗುಡ್ಡಗಳಲ್ಲಿ 35 ಕಿ.ಮೀ. ಉದ್ದದ ಓಟ ಓಡಿ ತಯಾರಾಗಿದ್ದ.

ಸಂತೆ ದಿನ ಓಟದ ಲೆಕ್ಕದಲ್ಲಿ ಸೇರಲಿ

ಆನ್‌ಲೈನ್‌ನಲ್ಲಿ ಸಿಗುವ ತರಬೇತಿ ಪಟ್ಟಿಗಳಿಗೆ ಸಂತೆ ಗೊತ್ತಿಲ್ಲ. ಬೆಳಗ್ಗೆ ಎಂಟಕ್ಕೆ ಶಟರ್ ಎತ್ತಿ ರಾತ್ರಿ ಒಂಬತ್ತರವರೆಗೆ ನಿಂತೇ ವ್ಯಾಪಾರ ಮಾಡುವವರಿಗೆ ಆ ನಿಲ್ಲುವಿಕೆಯೂ ಕಾಲಿಗೆ ಕೆಲಸವೇ. ಅಂಥವರು ವಾರಕ್ಕೆ ಆರು ದಿನ ಓಡಬೇಕಿಲ್ಲ, ನಾಲ್ಕು ದಿನ ಸಾಕು. ಎರಡು ದಿನ ನಿಧಾನದ ಓಟ, ಒಂದು ದಿನ ಸ್ವಲ್ಪ ಬಿರುಸು, ಒಂದು ದಿನ ಉದ್ದದ ಓಟ. ಉದ್ದದ್ದನ್ನು ಅಂಗಡಿಗೆ ವಾರದ ರಜೆ ಇರುವ ದಿನಕ್ಕೆ ಇಟ್ಟುಕೊಳ್ಳಬಹುದು. ಸಂತೆ ದಿನ ಬೆಳಗ್ಗೆ, ಸಂತೆಯ ಮಾರನೇ ದಿನ ಬಿರುಸಿನ ಓಟ ಬೇಡ. ಈಗ ಎಂಟು ಕಿ.ಮೀ. ಓಡುವವರು ವಾರಕ್ಕೆ ಒಂದೊಂದೇ ಕಿ.ಮೀ. ಏರಿಸುತ್ತಾ, ಮೂರು ವಾರಕ್ಕೊಮ್ಮೆ ಒಂದು ವಾರ ಇಳಿಸುತ್ತಾ ಹೋದರೆ ಸುಮಾರು ಮೂರು-ಮೂರೂವರೆ ತಿಂಗಳಲ್ಲಿ 16ರಿಂದ 18 ಕಿ.ಮೀ. ತಲುಪ್ತಾರೆ. 21 ಕಿ.ಮೀ. ರೇಸಿಗೆ ಅಷ್ಟು ತಯಾರಿ ಸಾಲುತ್ತೆ.

ರಸ್ತೆಯಲ್ಲಿ ಓಡುವವರು ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಬೇಕು. ಕತ್ತಲಲ್ಲಿ ಕಪ್ಪು ಟೀಶರ್ಟ್ ಬೇಡವೇ ಬೇಡ. ಕಬ್ಬಿನ ಟ್ರ್ಯಾಕ್ಟರ್ ಚಾಲಕನಿಗೆ ನೀವು ಕಾಣಿಸಿದ್ದೀರಿ ಅಂತ ನಂಬಿ ಓಡಬೇಡಿ.

ಮೊದಲ ಐದು ಕಿ.ಮೀ. ಮೀಟರ್ ಬಡ್ಡಿ ಸಾಲ

ರೇಸ್ ದಿನದ ದೊಡ್ಡ ತಪ್ಪು ಆರಂಭದಲ್ಲೇ ಆಗುತ್ತೆ. ಡೋಲು, ಮೈಕು, ಸಾವಿರಾರು ಜನ, ಮೈಯೆಲ್ಲ ಹುರುಪು. ಕಿ.ಮೀ.ಗೆ ಆರು ನಿಮಿಷದಂತೆ ಓಡಿದರೆ ಹಾಫ್ ಮ್ಯಾರಥಾನ್ 2 ಗಂಟೆ 6 ನಿಮಿಷ ಚಿಲ್ಲರೆಗೆ ಮುಗಿಯುತ್ತೆ ಅಂದುಕೊಳ್ಳಿ. ಹುರುಪಿನಲ್ಲಿ ಮೊದಲ ಐದು ಕಿ.ಮೀ. ಐದೂವರೆ ನಿಮಿಷದಂತೆ ಓಡಿದರೆ ಉಳಿಯೋದು ಎರಡೂವರೆ ನಿಮಿಷ. ಕಾಲು ಸೋತು ಕೊನೆಯ ಆರು ಕಿ.ಮೀ. ಏಳು ನಿಮಿಷದಂತೆ ಎಳೆದರೆ ಕಳೆಯೋದು ಆರು ನಿಮಿಷ. ಸಾಲಕ್ಕಿಂತ ಬಡ್ಡಿಯೇ ಜಾಸ್ತಿ.

2023ರ ಅಕ್ಟೋಬರ್‌ನಲ್ಲಿ ಷಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡ್‌ನಲ್ಲಿ ಮ್ಯಾರಥಾನ್ ಮುಗಿಸಿ ಆಗಿನ ವಿಶ್ವದಾಖಲೆ ಮಾಡಿದಾಗ ಮೊದಲರ್ಧಕ್ಕೆ ತೆಗೆದುಕೊಂಡದ್ದು 60 ನಿಮಿಷ 48 ಸೆಕೆಂಡ್, ಎರಡನೇ ಅರ್ಧಕ್ಕೆ 59 ನಿಮಿಷ 47 ಸೆಕೆಂಡ್. ಕೊನೆಗೆ ಅಂತ ಕೂಡಿಟ್ಟಿದ್ದರು.

ಕಾವೇರಿ ಟ್ರಯಲ್‌ನಂಥ ಕಡೆ ಇದು ಇನ್ನೂ ಮುಖ್ಯ. ರಂಗನತಿಟ್ಟು ಬಳಿ ಕಾಲುವೆ ಪಕ್ಕದ ಮಣ್ಣುದಾರಿ ಅದು, ಬಹುತೇಕ ಸಮತಟ್ಟು. ಹೋಗುವಾಗ ತಂಪಿರುತ್ತೆ, ಸುಲಭ ಅನ್ನಿಸುತ್ತೆ. ವಾಪಸ್ ಬರುವಷ್ಟರಲ್ಲಿ ಬಿಸಿಲು ಏರಿರುತ್ತೆ.

ನೀರು, ಮಾತ್ರೆ, ಬಿಸಿಲು

ನೀರು ಕುಡಿದಷ್ಟೂ ಒಳ್ಳೇದು ಅನ್ನೋದು ತಪ್ಪು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಅಂಶ ಕುಸಿದಿತ್ತು. ಓಡುವಾಗ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಈ ಅಪಾಯ ಜಾಸ್ತಿ ಕಂಡಿತು. ಸೋಡಿಯಂ ತೀರಾ ಇಳಿದರೆ ಮಿದುಳು ಊದಿಕೊಂಡು ಜೀವಕ್ಕೇ ಕುತ್ತು. ಬಾಯಾರಿದಾಗ ಕುಡಿದರೆ ಸಾಕು. ಓಆರ್‌ಎಸ್ ತೆಗೆದುಕೊಳ್ಳುವವರು ಪೊಟ್ಟಣದ ಮೇಲೆ ಬರೆದಷ್ಟು ನೀರಿಗೇ ಬೆರೆಸಬೇಕು, ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿಯಬಾರದು.

ಓಟಕ್ಕೆ ಮುಂಚೆ ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ನುಂಗೋ ಅಭ್ಯಾಸವಂತೂ ಕೂಡಲೇ ಬಿಡಬೇಕಾದ್ದು. ಬೆವರಿ ನೀರಿನಂಶ ಇಳಿದಿರುವಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಕಿಡ್ನಿಗೆ ಪೆಟ್ಟು ಕೊಡಬಹುದು.

ಜತೆಗಾರ ತೂರಾಡುತ್ತಾ, ಅಡ್ಡಾದಿಡ್ಡಿ ಮಾತಾಡಿದರೆ ಅದು ಸುಸ್ತಲ್ಲ, ಬಿಸಿಲಾಘಾತ ಇರಬಹುದು. ನೆರಳಿಗೆ ಎಳೆದು ತಕ್ಷಣ ಮೈಮೇಲೆ ತಣ್ಣೀರು ಸುರಿಯಿರಿ, ಐಸ್ ಇದ್ದರೆ ಇಡಿ, ಅದರ ಜತೆಗೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರಲಿ ಅಂತ ಕಾಯುತ್ತಾ ತಂಪು ಮಾಡದೆ ನಿಂತರೆ ಆ ನಿಮಿಷಗಳು ದುಬಾರಿ. ಎದೆ ಹಿಂಡಿದಂತೆ, ಎಡಗೈಗೆ, ದವಡೆಗೆ ನೋವು ಹರಿದಂತೆ ಆದರೆ ಮೆಡಲ್ ಆಸೆ ಬಿಟ್ಟು ಅಲ್ಲೇ ನಿಲ್ಲಬೇಕು. 40 ದಾಟಿದವರು, ಬಿಪಿ, ಶುಗರ್ ಇದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ, ತರಬೇತಿ ಶುರು ಮಾಡುವ ಮುಂಚೆಯೇ ವೈದ್ಯರ ಸಲಹೆ ಪಡೆಯಬೇಕು.

ಕೊನೆಯ ಎರಡು ವಾರ

"ತಯಾರಿ ಸಾಲ್ದು" ಅಂತ ರೇಸಿನ ಹಿಂದಿನ ಭಾನುವಾರ 20 ಕಿ.ಮೀ. ಓಡುವವರಿದ್ದಾರೆ. ಅದರ ಲಾಭ ರೇಸಿನೊಳಗೆ ಸಿಗಲ್ಲ, ಆಯಾಸ ಮಾತ್ರ ಸಿಗುತ್ತೆ. ಕೊನೆಯ ಎರಡು ವಾರ ದೂರವನ್ನು ಇಳಿಸುತ್ತಾ ಅರ್ಧಕ್ಕೆ ತರಬೇಕು. ಹೊಸ ಶೂ, ಹೊಸ ಜೆಲ್, ಗೊತ್ತಿಲ್ಲದ ಊರಿನ ಹೋಟೆಲ್‌ನ ಮಸಾಲೆ ಊಟ, ಮೂರೂ ಬೇಡ. ಹಿಂದಿನ ರಾತ್ರಿ ಅನ್ನ-ಸಾರು, ಬೆಳಗ್ಗೆ ಎರಡು ಇಡ್ಲಿಯೋ ಬಾಳೆಹಣ್ಣೋ, ಮೊದಲು ಉದ್ದದ ಓಟದ ದಿನ ಏನು ತಿಂದು ಹೊಟ್ಟೆಗೆ ಒಗ್ಗಿತ್ತೋ ಅದೇ.

ಮುಗಿಸಿದ ಮೇಲೆ ಕುಸಿದು ಕೂರದೆ ಹತ್ತು ನಿಮಿಷ ನಡೆದಾಡಿ, ಬಟ್ಟೆ ಬದಲಿಸಿ, ಒಂದು ಗಂಟೆಯೊಳಗೆ ಊಟ ಮಾಡಬೇಕು. ಮಾರನೇ ದಿನ ಅಂಗಡಿಯಲ್ಲಿ ಒಂದು ಸ್ಟೂಲ್ ಇಟ್ಟುಕೊಳ್ಳಿ, ಮೇಲಿನ ಅಟ್ಟದ ಸರಕು ಇಳಿಸೋ ಕೆಲಸ ಹುಡುಗರಿಗೆ ಬಿಡಿ. ಓಟಕ್ಕೆ ಮತ್ತೆ ಇಳಿಯೋದು ಮೂರು-ನಾಲ್ಕು ದಿನ ಬಿಟ್ಟು, ಅದೂ ಮಾತಾಡುತ್ತಾ ಓಡುವ ವೇಗದಲ್ಲಿ.