ಮನಸ್ಸಿನ ಮಾತ್ರೆ: ಒಬ್ಬರಿಗೆ ಕೊಟ್ಟದ್ದು ಮನೆಮಂದಿಗಲ್ಲ

ಬಿಡದಿಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಮಾತ್ರೆ ತರುವ ಮನೆಗಳಿವೆ. ಆ ಮಾತ್ರೆಗಳಲ್ಲಿ ಲಿಥಿಯಂ ಕೂಡ ಒಂದು. ಕೆಲವು ದಿನ ನಿದ್ದೆಯೇ ಬೇಡವೆನಿಸುವ ಅತ್ಯುತ್ಸಾಹ, ಮತ್ತೆ ಕೆಲವು ದಿನ ಹಾಸಿಗೆ ಬಿಟ್ಟು ಏಳಲಾಗದ ಖಿನ್ನತೆ. ಹೀಗೆ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಇದನ್ನು ಕೊಡುತ್ತಾರೆ. ‘ತಮ್ಮನಿಗೆ ಇದರಿಂದ ನೆಮ್ಮದಿ ಸಿಕ್ಕಿದೆ. ನನಗೂ ಟೆನ್ಷನ್ ಇದೆ. ಒಂದು ನುಂಗಿದರೆ ಏನಾಗುತ್ತದೆ?’ ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ಹಾಗೆ ಮಾಡಬಾರದು.

ನಮ್ಮ ಮೆದುಳಿನ ನರಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳೇ ಗ್ರಾಹಕಗಳು. ನಿದ್ದೆ, ಹಸಿವು, ಮನಸ್ಥಿತಿ ಎಲ್ಲದರಲ್ಲೂ ಇವುಗಳ ಪಾತ್ರವಿದೆ. ಲಿಥಿಯಂ ಕೆಲಸ ಮಾಡುವುದು ಈ ಸಂದೇಶದ ಹಾದಿಯಲ್ಲೂ ಹೌದು.

ಆರೋಗ್ಯವಂತರ ಮೇಲೂ ಇದರ ಪರೀಕ್ಷೆ ನಡೆದಿದೆ. 1986ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಸ್ವಯಂಸೇವಕರಿಗೆ ಕೆಲವು ದಿನ ಲಿಥಿಯಂ ಕೊಟ್ಟು, ಬಳಿಕ ಟ್ರಿಪ್ಟೊಫಾನ್ ನೀಡಿದರು. ದೇಹವು ಸೆರೊಟೋನಿನ್ ತಯಾರಿಸಿಕೊಳ್ಳುವುದು ಇದರಿಂದಲೇ. ಆಗ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಮೊದಲಿಗಿಂತ ಹೆಚ್ಚು ಏರಿತು. ಅಂದರೆ ಕಾಯಿಲೆ ಇಲ್ಲದವರಲ್ಲೂ ಸೆರೊಟೋನಿನ್ ವ್ಯವಸ್ಥೆ ಬದಲಾಗಿತ್ತು.

ಹಾಗಾದರೆ ಅವರ ಮನಸ್ಸು ಹಗುರಾಗುತ್ತದೆಯೇ? ಇಲ್ಲ. ಆರೋಗ್ಯವಂತರ ಬಗ್ಗೆ 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಜಡತ್ವ ಮತ್ತು ಮಂಕು. ಲಿಥಿಯಂ ಸಂತೋಷದ ಮಾತ್ರೆಯಲ್ಲ. ಅದು ಏರಿಳಿತವನ್ನು ತಡೆಯುವ ಔಷಧಿ.

ಇದರ ಹಿತದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ. ಆದ್ದರಿಂದಲೇ ಆಗಾಗ ರಕ್ತದಲ್ಲಿ ಲಿಥಿಯಂ ಮಟ್ಟವನ್ನೂ ಮೂತ್ರಪಿಂಡ ಮತ್ತು ಥೈರಾಯ್ಡ್ ಸ್ಥಿತಿಯನ್ನೂ ಪರೀಕ್ಷಿಸುತ್ತಾರೆ. ವಾಂತಿ, ಭೇದಿ, ಕೈಗಳ ಜೋರಾದ ನಡುಕ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಲಿಥಿಯಂ ಮಟ್ಟವನ್ನು ಏರಿಸಬಲ್ಲವು. ಅಂಗಡಿಯಿಂದ ತಂದು ಸುಮ್ಮನೆ ಕೊಡಬೇಡಿ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಿ.

ರಮಝಾನ್‌ನಲ್ಲಿ ಇನ್ನಷ್ಟು ಎಚ್ಚರ ಬೇಕು. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬೇಸಿಗೆಯ ಉಪವಾಸದಲ್ಲಿ ಇದರ ಅಪಾಯ ಹೆಚ್ಚು. ಉಪವಾಸ ಹಿಡಿಯಬಹುದೇ, ಮಾತ್ರೆಯನ್ನು ಸಹರಿಗೋ ಇಫ್ತಾರ್‌ಗೋ ಯಾವಾಗ ತೆಗೆದುಕೊಳ್ಳಬೇಕು ಎಂಬುದನ್ನು ತಿಂಗಳು ಆರಂಭವಾಗುವ ಮೊದಲೇ ವೈದ್ಯರಲ್ಲಿ ಕೇಳಿ. ರೋಗಿಗೆ ಇಸ್ಲಾಮ್ ವಿನಾಯಿತಿ ನೀಡಿದೆ. ಅದನ್ನು ಬಳಸಿಕೊಳ್ಳುವುದು ಈಮಾನಿನ ಕೊರತೆಯಲ್ಲ. ಉಪವಾಸಕ್ಕಾಗಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

ಮನಸ್ಸಿನ ಕಾಯಿಲೆಯೂ ಸಕ್ಕರೆ ಕಾಯಿಲೆಯಂತೆ ದೇಹದ ಕಾಯಿಲೆಯೇ. ಮುಚ್ಚಿಡಬೇಕಾದ ಅವಮಾನವಲ್ಲ. ದುಆ ಇರಲಿ, ಚಿಕಿತ್ಸೆಯೂ ಇರಲಿ. ನಿಮಗೂ ಟೆನ್ಷನ್, ನಿದ್ರಾಹೀನತೆ ಇದ್ದರೆ ಮನೆಯವರ ಮಾತ್ರೆಗೆ ಕೈ ಹಾಕುವ ಬದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.